ನಾಲ್ಕನೇ ತೊಟ್ಟಿಯ ಪಕ್ಕದ ಸ್ಟೂಲು

ಸೆಪ್ಟೆಂಬರ್ ೪, ಗುರುವಾರ

ನನ್ನ ಇಲಿಮರಿಗೆ,

ನಿನ್ನ ಮಾವ ಗಟ್ಟಿಮುಟ್ಟಾಗಿದ್ದಾನೆ. ಎರಡು ಹಲ್ಲು ಬಿಟ್ಟರೆ ಮಿಕ್ಕಿದ್ದೆಲ್ಲ ಇದ್ದ ಜಾಗದಲ್ಲೇ ಇದೆ. ನೀನೂ ಹಾಗೆಯೇ ಇದ್ದೀಯೆಂದು ನಂಬಿಕೊಂಡು ಶುರು ಮಾಡುತ್ತೇನೆ. ನಿನ್ನ ಕಾರ್ಡು ಬಂದು ಒಂದೂವರೆ ತಿಂಗಳಾಯಿತು, ಬೈಯಬೇಡ. ಮೊದಲ ವಾರ ಕನ್ನಡಕ ಸಿಗಲಿಲ್ಲ. ಎರಡನೇ ವಾರ ಕನ್ನಡಕ ಸಿಕ್ಕಿತು, ಪೆನ್ನು ಸಿಗಲಿಲ್ಲ. ಆಮೇಲೆ ಎರಡೂ ಸಿಕ್ಕಿದವು, ನೆಪ ಸಿಗಲಿಲ್ಲ.

ಫೋನ್ ಮಾಡಬಾರದೇ ಎನ್ನುತ್ತೀ. ಫೋನಿನಲ್ಲಿ ನೀನು "ಸರಿ ಮಾವ, ಇಡ್ಲಾ?" ಎನ್ನುವುದಕ್ಕೇ ಕಾಯುತ್ತಿರುತ್ತೀ. ಕಾಗದಕ್ಕೆ ಇಡುವ ಗುಂಡಿಯಿಲ್ಲ, ಕೊನೆಯವರೆಗೂ ಕೇಳಲೇಬೇಕು. ಅದೂ ಅಲ್ಲದೆ ನನ್ನ ಅಕ್ಷರ ಎಷ್ಟು ದುಂಡಗಿದೆ ನೋಡು. ನಮ್ಮೂರ ಶಾಲೆಯ ಗೋಡೆಯ ಮೇಲೆ ಏನಾದರೂ ಬರೆಯಬೇಕಾದರೆ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಫೋನಿನಲ್ಲಿ ಅದು ಕಾಣುತ್ತದೆಯೇ?

ನಿನ್ನ ಕಾರ್ಡು ನಾಲ್ಕೇ ಸಾಲು. "ಚೆನ್ನಾಗಿದ್ದೀನಿ. ಊಟ ಸರಿಯಾಗಿ ಮಾಡ್ತಿದ್ದೀನಿ. ದಿನವಿಡೀ ನೀರಿನ ಬಾಟಲಿಗೆ ಚೀಟಿ ಅಂಟಿಸೋ ಕೆಲಸ. ನೀನು ಹುಷಾರು." ಠಾಣೆಯಲ್ಲಿ ಹೇಳಿಕೆ ಕೊಟ್ಟ ಹಾಗಿದೆ. ಹತ್ತನೇ ವಯಸ್ಸಿಗೆ ನಮ್ಮ ಮನೆಗೆ ಬಂದಾಗ ನೀನು ಪೆನ್ಸಿಲ್ಲಿನ ಬಾಲ ಕಡಿದು ಕಡಿದು ಮುಗಿಸುತ್ತಿದ್ದೆ, ಮಾತು ಮುಗಿಸುತ್ತಿರಲಿಲ್ಲ. ನಿನ್ನ ಅತ್ತೆ "ಈ ಇಲಿಮರಿಗೆ ಹಲ್ಲೂ ಚೂಪು, ನಾಲಗೆಯೂ ಚೂಪು" ಎನ್ನುತ್ತಿದ್ದಳು. ಆ ನಾಲಗೆ ಎಲ್ಲಿ ಹೋಯಿತು? ಬಾಟಲಿಯ ಅಂಟು ತಾಗಿತೇ?

ಇಲ್ಲಿಯ ಸಮಾಚಾರ. ನಮ್ಮ ಮೀನು ಕೇಂದ್ರಕ್ಕೆ ಹೊಸ ಹುಡುಗಿ ಬಂದಿದ್ದಾಳೆ, ನಿನ್ನ ಹಾಗೆಯೇ ಓದಿದವಳು. ಆಳು ನಾಲ್ಕೂಮುಕ್ಕಾಲಡಿ. ಕೇಂದ್ರದವರು ಕೊಟ್ಟ ರಬ್ಬರ್ ಬೂಟು ಅವಳ ಮಂಡಿ ದಾಟಿ ಹೋಗುತ್ತದೆ. ಬೂಟು ನಡೆದುಕೊಂಡು ಬರುತ್ತಿದೆ, ಒಳಗೆ ಯಾರೋ ಇದ್ದಾರೆ ಎನಿಸುತ್ತದೆ. ಬೂಟಮ್ಮ ಎಂದು ಹೆಸರಿಟ್ಟಿದ್ದೇನೆ, ಈಗ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಅವಳು ನನ್ನನ್ನು ಅಂಕಲ್ ಎನ್ನುತ್ತಾಳೆ.

"ಅಂಕಲ್ ಅಂದ್ರೆ ನನಗೆ ಕಿವಿ ಕೇಳ್ಸಲ್ಲಮ್ಮ. ಮಾವ ಅನ್ನು," ಎಂದೆ.

"ಅಭ್ಯಾಸ ಆಗ್ಲಿ ಅಂಕಲ್," ಎಂದಳು.

ಮೊನ್ನೆ ನಾನು ಮೀನಿನ ಕಿವಿರು ಎಣಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡಿದಳು. "ಒಂದು ನಿಮಿಷದಲ್ಲಿ ಎಷ್ಟು ಸಲ ತೆರೀತು, ಎಷ್ಟು ಸಲ ಮುಚ್ತು ಅಂತ ತಪ್ದೇ ಹೇಗೆ ಎಣಿಸ್ತೀರಾ?"

"ನಾನು ಏಳನೇ ಕ್ಲಾಸು, ಲೆಕ್ಕದಲ್ಲಿ ನೂರಕ್ಕೆ ನೂರು. ಮೇಷ್ಟ್ರು ಇನ್ನೂ ಐದು ಕೊಡೋಣ ಅಂತಿದ್ರು, ಅಂಕಪಟ್ಟೀಲಿ ಜಾಗ ಇರ್ಲಿಲ್ಲ."

ಆಮೇಲೆ ನೀನು ನನಗೆ ಕಲಿಸಿದ್ದನ್ನೆಲ್ಲ ನನ್ನದೇ ಶೋಧನೆಯೆಂಬ ಹಾಗೆ ಅವಳ ಮುಂದೆ ಬಿಚ್ಚಿದೆ. ಮೀನಿಗೆ ಕಿರಿಚಲು ಗಂಟಲಿಲ್ಲ, ಓಡಿಹೋಗಲು ಬಾಗಿಲಿಲ್ಲ. ನೀರು ಕಾಯಲಿ, ನೀರಿನೊಳಗಿನ ಗಾಳಿ ಕಡಿಮೆಯಾಗಲಿ, ಬಲೆಯ ನೆರಳು ಬೀಳಲಿ, ಅದು ತನ್ನ ಮೈಯಲ್ಲೇ ಓಡಬೇಕು. ಮೊದಲು ಗಾಬರಿಯ ರಸ ರಕ್ತಕ್ಕಿಳಿಯುತ್ತದೆ. ನೀವು ಅದನ್ನು ಕಾರ್ಟಿಸಾಲ್ ಎನ್ನುತ್ತೀರಿ, ನಾನು ಗಾಬರಿರಸ ಎನ್ನುತ್ತೇನೆ, ಮೀನು ಎರಡಕ್ಕೂ ಆಕ್ಷೇಪಣೆ ಎತ್ತಿಲ್ಲ. ಹಿಂದೆಯೇ ರಕ್ತದಲ್ಲಿ ಸಕ್ಕರೆ ಏರುತ್ತದೆ, ಕಿವಿರು ದಡದಡ ಬಡಿದುಕೊಳ್ಳುತ್ತದೆ, ಮೈಬಣ್ಣ ಕಪ್ಪಿಡುತ್ತದೆ. ಒಂದು ಗಳಿಗೆಯ ಗಾಬರಿಯಾದರೆ ಸರಿ, ಇಳಿದುಹೋಗುತ್ತದೆ. ದಿನಾ ಅದೇ ಆದರೆ ಮೀನು ಮೇವು ಬಿಡುತ್ತದೆ, ಬೆಳೆಯುವುದಿಲ್ಲ, ಆದ ಗಾಯ ಮಾಯುವುದಿಲ್ಲ, ಬೂಸ್ಟು ಹಿಡಿದು ಒಂದು ಬೆಳಗ್ಗೆ ತೇಲುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಸುಮ್ಮನೆ ಈಜುತ್ತಲೇ ಇತ್ತು.

ಮೂರು ನಿಮಿಷದ ವಿಷಯವನ್ನೂ ಹೇಳಿದೆ. ಬಲೆ ನೀರು ಮುಟ್ಟಿದ ಕ್ಷಣದಿಂದ ಮೂರು ನಿಮಿಷದೊಳಗೆ ರಕ್ತ ಸೂಜಿಯೊಳಗಿರಬೇಕು. ತಡವಾದರೆ ನಮ್ಮ ಕೈಯೇ ಹುಟ್ಟಿಸಿದ ಗಾಬರಿ ರಕ್ತಕ್ಕೆ ಬೆರೆಯುತ್ತದೆ, ಹಳೆಯ ಗಾಬರಿ ಯಾವುದು ಹೊಸದು ಯಾವುದು ಎಂದು ದೇವರಿಗೂ ತಿಳಿಯದು. ಬೂಟಮ್ಮ ತಲೆಯಾಡಿಸಿದಳು. ಇದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು. ಒಳ್ಳೆಯ ಹುಡುಗಿ.

ಈಗ ಮುಖ್ಯ ಸಂಗತಿ, ಕಾಗದ ಮಡಿಸಿಡಬೇಡ. ನೀರು ಕಾಯಿಸುವ ನಿನ್ನ ಪ್ರಯೋಗವನ್ನು ಮತ್ತೆ ಮಾಡಿಸುತ್ತಾರಂತೆ. ಅದೇ ನಾಲ್ಕು ತೊಟ್ಟಿ. ಮೂರರಲ್ಲಿ ಶಾಖ ಏರಿಸುವುದು, ನಾಲ್ಕನೆಯದನ್ನು ಏನೂ ಮಾಡದೆ ಹಾಗೇ ಬಿಡುವುದು, ಮೂರರ ರಕ್ತವನ್ನು ನಾಲ್ಕನೆಯದರ ರಕ್ತದ ಪಕ್ಕ ಇಟ್ಟು ತೂಗುವುದು. ಹಿರಿಯ ಸಾಹೇಬರು ನನ್ನನ್ನು ಕೋಣೆಗೆ ಕರೆದು, "ನಿಮ್ಮ ಅಕ್ಕನ ಮಗಳನ್ನ ಕೇಳಿ ನೋಡಿ. ಯೋಚನೆ ಚೆನ್ನಾಗಿತ್ತು, ಕೈ ಪಳಗಿರ್ಲಿಲ್ಲ ಅಷ್ಟೆ. ಮೂವತ್ತನೇ ತಾರೀಕಿನೊಳಗೆ ಒಪ್ಪಿಗೆ ಬರೆದ್ರೆ ಕೆಲಸ ಅವಳದ್ದೇ" ಎಂದರು. ಎರಡು ವರ್ಷದ ಮೇಲೆ ಕೇಳುತ್ತಿದ್ದಾರೆ. ಬಾ. ನಿನ್ನ ಕೋಣೆ ಹಾಗೆಯೇ ಇದೆ. ಮನೆಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಒಗೆದ ಬಟ್ಟೆ. ನೀನು ಬಂದರೆ ಬಟ್ಟೆಗೆ ಬೇರೆ ಜಾಗ ನೋಡುತ್ತೇನೆ.

ನಾಲ್ಕನೇ ತೊಟ್ಟಿಗೆ ಹೊಸ ಮರಿಗಳನ್ನು ಬಿಟ್ಟಿದ್ದಾರೆ. ಅವಕ್ಕೂ ನನ್ನ ಮೇಲೆ ಹುಚ್ಚು ಪ್ರೀತಿ. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ಹೋದಾಗ ನಾನು ಸ್ಟೂಲು ಹಾಕಿಕೊಂಡು ಅದರ ಪಕ್ಕ ಬುತ್ತಿ ಬಿಚ್ಚುತ್ತೇನೆ. ತೊಟ್ಟಿಯ ಗಾಜನ್ನು ಎರಡು ಸಲ ತಟ್ಟಿದರೆ ಸಾಕು, ಅಷ್ಟೂ ಮೀನು ನನ್ನ ಮೂಲೆಗೆ ಬಂದು ಗುಂಪು ಕಟ್ಟುತ್ತವೆ. ಎಲ್ಲ ಕಷ್ಟಸುಖ ಕೇಳಿಸಿಕೊಳ್ಳುತ್ತವೆ. ನಿನ್ನ ಪ್ರಯೋಗದ ವರ್ಷದ ಮೀನುಗಳೂ ಹಾಗೆಯೇ ಮಾಡುತ್ತಿದ್ದವು. ಸಂಬಳ ತೆಗೆದುಕೊಳ್ಳುವ ಒಬ್ಬ ಮನುಷ್ಯನೂ ಅಷ್ಟು ಕೇಳುವುದಿಲ್ಲ.

ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು, ನೂರು ವರ್ಷ ನನ್ನನ್ನು ಗೋಳು ಹೊಯ್ದುಕೊ.

ನಿನ್ನ ಮಾವ,
ಹದಿನಾರು ತೊಟ್ಟಿಗಳ ಸರದಾರ

ತಾ.ಕ.: ನಿನ್ನ ಹಳೆಯ ಬೂಟು ಯಾರೂ ಹಾಕಿಕೊಂಡಿಲ್ಲ. ಬೂಟಮ್ಮ ಕೇಳಿದಳು, ಹಲ್ಲಿ ಮೊಟ್ಟೆಯಿಟ್ಟಿದೆ ಎಂದು ಸುಳ್ಳು ಹೇಳಿದೆ.


ಸೆಪ್ಟೆಂಬರ್ ೧೬, ಮಂಗಳವಾರ

ಇಲಿಮರಿ,

ನಿನ್ನ ಕಾಗದ ಶನಿವಾರವೇ ಬಂತು. ಈ ಸಲ ತಡಕ್ಕೆ ಕನ್ನಡಕದ ಮೇಲೆ ತಪ್ಪು ಹೊರಿಸುವುದಿಲ್ಲ.

"ಆಗಲ್ಲ ಮಾವ" ಎಂದು ಶುರು ಮಾಡಿದ್ದೀ. ಅದರ ಕೆಳಗೆ ಬರೆದದ್ದನ್ನು ನಾನು ಎಷ್ಟು ಸಲ ಓದಿದೆನೋ. "ನೀನು ಕಿವಿರು ಎಣಿಸಿ ಬರೆದ ಪುಸ್ತಕದಲ್ಲಿ ನಾಲ್ಕನೇ ತೊಟ್ಟಿ ಬೆಳಗ್ಗೆಯೂ ಶಾಂತ, ಮಧ್ಯಾಹ್ನವೂ ಶಾಂತ. ಎರಡು ಗಂಟೆಗೆ ನಾನು ತೆಗೆದ ರಕ್ತದಲ್ಲಿ ಮಾತ್ರ ಗಾಬರಿ, ಶಾಖದ ತೊಟ್ಟಿಗಳಷ್ಟೇ ಗಾಬರಿ. ನಿನ್ನ ಎಣಿಕೆಗೂ ಆ ರಕ್ತಕ್ಕೂ ನಡುವೆ ಇದ್ದದ್ದು ನನ್ನ ಕೈ ಒಂದೇ. ಅತ್ತೆ ಹೋದ ಮೇಲೆ ನನ್ನ ಕೈ ನಡುಗ್ತಿತ್ತು ಮಾವ. ಗಡಿಯಾರ ನೋಡ್ಕೊಂಡೇ ತೆಗೀತಿದ್ದೆ, ಮೂರು ನಿಮಿಷ ದಾಟ್ತಿರ್ಲಿಲ್ಲ ಅಂತ ನನಗೆ ಅನ್ನಿಸ್ತಿತ್ತು. ಈಗ ಆ ಗಡಿಯಾರದ ಮೇಲೂ ನಂಬಿಕೆ ಇಲ್ಲ. ಮೀನು ಮುಟ್ಟೋಕೆ ಭಯ ಆಗುತ್ತೆ. ಬಾಟಲಿ ಆದ್ರೆ ಹೆದರಲ್ಲ, ಬಿಡು."

ನಿನ್ನ ಪ್ರಯೋಗ ಬಿದ್ದುಹೋದ ದಿನದ ಸಭೆ ನನಗೂ ನೆನಪಿದೆ. ನಾನು ಕುರ್ಚಿ ಹಾಕಿ ಗೋಡೆಗೊರಗಿ ನಿಂತಿದ್ದೆ. ಸಾಹೇಬರು ಎಲ್ಲರ ಮುಂದೆ "ಕೈ ನಿಧಾನವಾಗಿದೆ" ಎಂದಾಗ ನೀನು ಎರಡೂ ಕೈಗಳನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಇರಲಿ, ಬೇರೆ ಮಾತಾಡೋಣ. ಒಂದು ತಮಾಷೆಯಾಯಿತು. ಹೋದ ವಾರ ನಾನು ಊಟಕ್ಕೆ ಕೂತಿದ್ದಾಗ ಬೂಟಮ್ಮ ಕ್ಯಾಂಟೀನಿನಿಂದ ಬೇಗ ಬಂದಳು. ನನ್ನ ಸರ್ಕಸ್ಸು ತೋರಿಸೋಣವೆಂದು ಗಾಜು ತಟ್ಟಿದೆ. ಮೀನುಗಳೆಲ್ಲ ಬಂದವು.

"ನೋಡಿದ್ಯಾ? ಸಾಹೇಬ್ರು ಕರೆದ್ರೆ ಬರ್ತವಾ ಹೀಗೆ?"

ಅವಳು ಗಾಜಿಗೆ ಮೂಗು ಒತ್ತಿ, ಗಡಿಯಾರ ಹಿಡಿದು ಎಣಿಸಿದಳು. "ನೂರಾ ನಾಲ್ಕು. ಬೆಳಗ್ಗೆ ನಾನೇ ಎಣಿಸಿದ್ದೆ, ಅರವತ್ತೆರಡಿತ್ತು."

"ನನ್ನ ನೋಡಿದ ಖುಷಿಗೆ."

"ಖುಷಿಗಲ್ಲ ಅಂಕಲ್. ತಟ್ಟಿದ್ರೆ ಅವಕ್ಕೆ ಇಡೀ ಮೈ ಅದುರಿದ ಹಾಗಾಗುತ್ತೆ. ಹೆದರಿದಾಗ ಉಸಿರು ಸಾಲಲ್ಲ, ಗುಳ್ಳೆ ಬರೋ ಕಡೆಗೆ ಓಡ್ತವೆ. ಗುಳ್ಳೆ ಬಿಡೋ ಗಾಳಿಕಲ್ಲು ನಿಮ್ಮ ಮೂಲೇಲಿದೆ."

"ಹೋಗಮ್ಮ, ನೀನೊಬ್ಳು. ನನ್ನ ಮೀನು ನನಗೆ ಗೊತ್ತಿಲ್ವಾ?"

ಪಾಪ, ಅವಳಿಗೂ ಹಟ ಬಂತು. ತೋಳು ಮಡಚಿ ನೀರಿಗೆ ಕೈ ಹಾಕಿ ಗಾಳಿಕಲ್ಲನ್ನು ಆಚೆ ಮೂಲೆಗೆ ಇಟ್ಟಳು. ಮೀನು ಸಮಾಧಾನವಾಗಲೆಂದು ಅರ್ಧ ಗಂಟೆ ಕಾದೆವು. ನನ್ನ ಅನ್ನ ಆರಿತು. "ಈಗ ತಟ್ಟಿ" ಎಂದಳು. ತಟ್ಟಿದೆ. ಅಷ್ಟೂ ಮೀನು ನನಗೆ ಬಾಲ ತೋರಿಸಿ ಆಚೆ ಮೂಲೆಗೆ ಹೋಗಿ ನಿಂತವು. ನನ್ನ ಕಡೆ ಬರೀ ನೀರು.

"ಮಾವ," ಎಂದಳು ಆಗ. ಮೊದಲನೇ ಸಲ. "ದಿನಾ ಹೀಗೆ ತಟ್ತೀರಾ?"

"ಎಲ್ಲೋ ಯಾವಾಗ್ಲೋ ಒಂದ್ಸಲ," ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬುತ್ತಿಯ ಮುಚ್ಚಳ ಹಾಕಿ ಎದ್ದುಬಂದೆ. ಹೇಗಿದೆ ತಮಾಷೆ? ಇಷ್ಟು ವರ್ಷ ನನ್ನನ್ನು ಮೂರ್ಖನನ್ನಾಗಿ ಮಾಡಿದವು ಅಂಗೈಯಗಲದ ಗೆಂಡೆ ಮರಿಗಳು! ನಗು ಬಂದರೆ ನಗು.

ನಾಲ್ಕು ದಿನದಿಂದ ಮನೆಯಲ್ಲೇ ಬುತ್ತಿ ಬಿಟ್ಟು ಹೋಗುತ್ತಿದ್ದೇನೆ, ಹಸಿವಿಲ್ಲ. ಹವೆಯೇ ಹಾಗಿದೆ.

ಇನ್ನೂ ಹದಿನಾಲ್ಕು ದಿನವಿದೆ, ದುಡುಕಿ "ಇಲ್ಲ" ಎಂದು ಸಾಹೇಬರಿಗೆ ಬರೆದುಬಿಡಬೇಡ. ನಿನ್ನ ತಲೆಯ ಮೇಲೆ ನನ್ನ ಕೈಯಿದೆ ಎಂದುಕೊ.

ನಿನ್ನ ಮಾವ,
ಸರದಾರ (ರಜೆಯಲ್ಲಿ)

ತಾ.ಕ.: ನಾಲ್ಕನೇ ತೊಟ್ಟಿಯ ರಕ್ತ ತೆಗೆಯುತ್ತಿದ್ದದ್ದು ಯಾವಾಗಲೂ ನನ್ನ ಊಟವಾದ ಮೇಲೆಯೇ ಅಲ್ಲವೇ? ಸುಮ್ಮನೆ ಕೇಳಿದೆ.


ಸೆಪ್ಟೆಂಬರ್ ೨೧, ಭಾನುವಾರ

ಮಗಳೇ,

ನಿನ್ನ ಉತ್ತರ ಬರುವ ಮೊದಲೇ ಮತ್ತೆ ಬರೆಯುತ್ತಿದ್ದೇನೆ. ತಡ ಮಾಡಿ ಬೈಸಿಕೊಳ್ಳುವವನು ಆತುರಕ್ಕೂ ಬೈಸಿಕೊಳ್ಳಲಿ.

ಇಲ್ಲಿ ಎಲ್ಲವೂ ಸೌಖ್ಯ. ನನಗೆ ಬಡ್ತಿ ಸಿಕ್ಕಿದೆ. ಇನ್ನು ಮೇಲೆ ತೊಟ್ಟಿಗಳ ಉಸಾಬರಿಯಿಲ್ಲ, ಹಿತ್ತಲಲ್ಲಿ ಬಲೆ ಒಣಗಿಸಿ ಹರಿದದ್ದನ್ನು ಹೊಲಿಯುವ ಕೆಲಸ. ಬಿಸಿಲಿದೆ, ಗಾಳಿಯಿದೆ, ಕಲ್ಲಿನ ಕಟ್ಟೆಯಿದೆ. ಹೊಲಿಗೆಯಲ್ಲಿ ನನ್ನ ಕೈ ನೋಡಿ ನಮ್ಮ ಕೇಂದ್ರದ ಮಾಲಿ ದಂಗಾಗಿದ್ದಾನೆ. "ಯಾರು ಕಲಿಸಿದ್ದು?" ಎಂದ. "ಹುಟ್ಟುವಾಗಲೇ ಸೂಜಿ ಹಿಡ್ಕೊಂಡ್ ಬಂದೋನು ನಾನು" ಎಂದೆ. ನಿಜ ನಿನಗೆ ಗೊತ್ತು, ನಿನ್ನ ಅತ್ತೆ ಕಲಿಸಿದ್ದು. ಅವಳು ಕಾಯಿಲೆ ಬಿದ್ದ ಮೇಲೆ ನನ್ನ ಅಂಗಿಯ ಗುಂಡಿಗಳನ್ನು ನಾನೇ ಹೊಲಿದುಕೊಳ್ಳುತ್ತಿದ್ದೆ, ಅವಳು ಹಾಸಿಗೆಯಿಂದಲೇ ನೋಡಿ ತಲೆಯಾಡಿಸುತ್ತಿದ್ದಳು.

ಆಗ ಕೊಂಡ ಅಂಗಿಗಳು ಈಗ ದೊಗಳೆಯಾಗಿವೆ. ಬಟ್ಟೆ ಹಿಗ್ಗಿದೆ.

ನಿನ್ನ ಬೂಟು ಒರೆಸಿ ಬಿಸಿಲಿಗೆ ಇಟ್ಟಿದ್ದೇನೆ. ಹಲ್ಲಿಯ ಸುಳ್ಳನ್ನು ಬೂಟಮ್ಮನ ಮುಂದೆ ಒಪ್ಪಿಕೊಂಡೆ. "ಗೊತ್ತಿತ್ತು ಮಾವ, ನಾನು ಆವತ್ತೇ ಕೈ ಹಾಕಿ ನೋಡಿದ್ದೆ" ಎಂದಳು. ಅವಳ ಜೊತೆ ನಿನಗೆ ಹೊಂದುತ್ತದೆ. ಅವಳು ಎಣಿಸಿದರೆ ಎಣಿಸಿದ ಹಾಗೆ.

ಒಳ್ಳೆಯದಾಗಲಿ. ಹಿಡಿದದ್ದು ಕೈಗೂಡಲಿ, ಎದುರಾದವರು ನಿನ್ನ ಬೆಲೆ ತಿಳಿಯಲಿ. ದೊಡ್ಡವರು ಹೇಳಿದ್ದನ್ನೆಲ್ಲ ನಂಬಬೇಡ.

ಮಾವ

ತಾ.ಕ.: ಸಹಿ ಹಾಕಿ ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ. ಮೇಲಿನದನ್ನು ನಿನ್ನ ಬಡಾಯಿ ಮಾವ ಬರೆದ. ಇದನ್ನು ಬರೆಯಲು ಅವನಿಂದಾಗುವುದಿಲ್ಲ.

ಆ ವರ್ಷ ಮಧ್ಯಾಹ್ನದ ಕಿವಿರನ್ನು ನಾನು ಎಣಿಸಲಿಲ್ಲ. ಬೆಳಗ್ಗೆ ಎಣಿಸುತ್ತಿದ್ದೆ, ಪ್ರಾಮಾಣಿಕವಾಗಿ. ಮಧ್ಯಾಹ್ನ ನಾಲ್ಕನೇ ತೊಟ್ಟಿಯ ಪಕ್ಕ ಊಟಕ್ಕೆ ಕೂತರೆ ಮಾತಿನಲ್ಲಿ ಹೊತ್ತು ಹೋಗುತ್ತಿತ್ತು. ಬೆಳಗಿನ ಸಂಖ್ಯೆಯನ್ನೇ ಒಂದೆರಡು ಹೆಚ್ಚುಕಡಿಮೆ ಮಾಡಿ ಬರೆದುಬಿಡುತ್ತಿದ್ದೆ. ಏನೂ ಮಾಡದ ತೊಟ್ಟಿಯಲ್ಲವೇ, ಏನು ಬದಲಾಗುತ್ತದೆ ಎಂದುಕೊಂಡೆ. ನಾನು ಎಣಿಸಿದ್ದರೆ ಪುಸ್ತಕದಲ್ಲಿ ನೂರು ದಾಟಿರುತ್ತಿತ್ತು. ಆಗ ಯಾರೂ ನಿನ್ನ ಕೈ ನೋಡುತ್ತಿರಲಿಲ್ಲ.

ಗುರುವಾರ ಉಗ್ರಾಣದಿಂದ ಹಳೆಯ ಪುಸ್ತಕ ತೆಗೆಸಿದೆ. ಆ ವರ್ಷ ನನ್ನ ಕಾಲು ಉಳುಕಿ ಹನ್ನೊಂದು ದಿನ ಮನೆಯಲ್ಲಿ ಬಿದ್ದಿದ್ದೆನಲ್ಲ, ಆಗ ಮಾಲಿ ಎಣಿಸಿ ಬರೆದಿದ್ದಾನೆ. ಬೆಳಗ್ಗೆ ಅರವತ್ತು, ಮಧ್ಯಾಹ್ನವೂ ಅರವತ್ತು. ಆ ದಿನಗಳಲ್ಲಿ ನೀನು ಒಂದು ಸಲ ರಕ್ತ ತೆಗೆದಿದ್ದೆ. ಅದರಲ್ಲಿ ಗಾಬರಿರಸ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಉಳಿದವುಗಳ ಜೊತೆ ಹೊಂದುವುದಿಲ್ಲವೆಂದು ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದಿದ್ದಾರೆ. ನಿನ್ನ ಅತ್ತೆ ಹೋಗಿ ಆಗಿನ್ನೂ ಎರಡು ತಿಂಗಳು. ನಿನ್ನ ಕೈ ನಡುಗುವುದಿದ್ದರೆ ಆವತ್ತು ನಡುಗಬೇಕಿತ್ತು. ಇಡೀ ವರ್ಷದಲ್ಲಿ ಸರಿಯಾಗಿದ್ದದ್ದು ಆ ಒಂದು ಸಾಲು ಮಗಳೇ, ಅದನ್ನೇ ಹೊಡೆದುಹಾಕಿದರು.

ಪುಸ್ತಕ ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದೆ. "ಎಷ್ಟು ದಿನ ನಕಲು ಮಾಡಿದ್ರಿ?" ಎಂದರು. "ಆ ಹನ್ನೊಂದು ದಿನ ಬಿಟ್ಟು ಎಲ್ಲಾ ದಿನ ಸಾರ್" ಎಂದೆ. ಕೆಂಪು ಗೆರೆಯ ಮೇಲೆ ಬೆರಳಿಟ್ಟರು, ಅದು ಅವರೇ ಎಳೆದದ್ದು. ಆಮೇಲೆ, "ನಾನು ಬರೀತೀನಿ ಅವಳಿಗೆ. ಆದ್ರೆ ಮೊದ್ಲು ನೀವು ಬರೀಬೇಕು" ಎಂದರು. ಬಲೆ ಒಣಗಿಸುವ ಬಡ್ತಿ ಬಂದದ್ದು ಹೀಗೆ.

ತಟ್ಟುವುದು ತಪ್ಪೆಂದು ನನಗೆ ಗೊತ್ತಿರಲಿಲ್ಲ, ನಿನ್ನಾಣೆಗೂ. ಆದರೆ ಎಣಿಸದೆ ಬರೆದದ್ದು ಗೊತ್ತಿತ್ತು. ನೀನು ಕೈಗಳನ್ನು ಮಡಿಲಿಗೆ ತೆಗೆದುಕೊಂಡಾಗ ನಾನು ಅಲ್ಲೇ, ಹತ್ತಡಿ ದೂರದಲ್ಲಿ ನಿಂತಿದ್ದೆ. "ಮಧ್ಯಾಹ್ನದ್ದು ನಾನು ಎಣಿಸಿಲ್ಲ ಸಾರ್" ಎನ್ನಲು ಒಂದು ಉಸಿರು ಸಾಕಿತ್ತು. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದವನು ಎಲ್ಲರೆದುರು ಹಾಗೆ ಹೇಗೆ ಹೇಳಲಿ ಎಂದು ಸುಮ್ಮನಿದ್ದೆ. ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಟ್ಟೆ. ನೀನು ಊರು ಬಿಟ್ಟೆ. ಎರಡು ವರ್ಷ ನಿನಗೆ "ಹುಷಾರು, ಊಟ ಮಾಡು" ಎಂದು ಬರೆದೆ.

ಯಾಕೆ ತಟ್ಟುತ್ತಿದ್ದೆ ಎಂದು ಸಾಹೇಬರು ಕೇಳಲಿಲ್ಲ. ನೀನು ಕೇಳುವ ಮೊದಲೇ ಹೇಳುತ್ತೇನೆ. ಕೊನೆಯ ನಾಲ್ಕು ತಿಂಗಳು ನಿನ್ನ ಅತ್ತೆಗೆ ಗಂಟಲು ಹೋಗಿತ್ತಲ್ಲ, ಮಂಚದ ಕಬ್ಬಿಣ ತಟ್ಟಿ ಕರೆಯುತ್ತಿದ್ದಳು. ಒಂದು ಸಲ ತಟ್ಟಿದರೆ ನೀರು. ಎರಡು ಸಲ ತಟ್ಟಿದರೆ ಬಾ, ಇಲ್ಲಿ ಕೂತ್ಕೋ. ನಾನು ಎಲ್ಲಿದ್ದರೂ ಹೋಗಿ ಕೂರುತ್ತಿದ್ದೆ. ಅವಳು ಹೋದ ಮೇಲೆ ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತವನು ಯಾಕೋ ಗಾಜನ್ನು ಎರಡು ಸಲ ತಟ್ಟಿದೆ. ಅವು ಬಂದವು.

ಸ್ಟೂಲನ್ನು ಬೂಟಮ್ಮನಿಗೆ ಕೊಟ್ಟಿದ್ದೇನೆ, ಕೂತು ಬೂಟು ಕಳಚಲು ಬೇಕಂತೆ. ನೀನು ಬಂದರೆ ನಾನು ಆ ಕೋಣೆಯ ಬಾಗಿಲು ದಾಟುವುದಿಲ್ಲ, ಹಿತ್ತಲಲ್ಲಿರುತ್ತೇನೆ. ಮನೆಯಲ್ಲಿರಲು ಮನಸ್ಸಿಲ್ಲದಿದ್ದರೆ ಕೇಂದ್ರದ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಖಾಲಿಯಿದೆ, ನೋಡಿ ಬಂದಿದ್ದೇನೆ, ಕಿಟಕಿ ಚೆನ್ನಾಗಿದೆ.

ಮೂವತ್ತಕ್ಕೆ ಇನ್ನು ಒಂಬತ್ತು ದಿನ. ಒಪ್ಪಿಗೆಯನ್ನು ಸಾಹೇಬರಿಗೆ ಬರೆ. ನನಗೆ ಬರೆಯದಿದ್ದರೂ ನಡೆಯುತ್ತದೆ.